ಮಿಶನು ಬಂತು, ಕಲಿಶುವವು ಬೈಂದವಿಲ್ಲೆ

"ಕಾಪಿ ಮಾಡ್ಲೆ ಕಲಿವಲೆ ಎಂತ ಇದ್ದು?"

ಒಂದು ವರ್ಷಂದ ಈ ಪ್ರಶ್ನೆಯ ಎನ್ನತ್ರೆ ಕೇಳದ್ದ ನೆಂಟ್ರು ಇಲ್ಲೆ. ಕೇಳುವಗ ಒಂದು ನೆಗೆ ಬೇರೆ. ಮೂವತ್ತು ವರ್ಷಂದ ಈ ಮನೆಲಿ ಉದಿಯಪ್ಪಗ ಐದು ಗಂಟೆಗೆ ಕಾಪಿ ಮಾಡ್ತ ಹೆಮ್ಮಕ್ಕೊ ಈಗ ಅದಕ್ಕೆ ಕ್ಲಾಸು ಹುಡ್ಕಿಂಡು ಹೋದ್ದೆಂತಕೆ ಹೇಳಿ ಅವಕ್ಕೆ ಅಂದಾಜಿ ಆವುತ್ತಿಲ್ಲೆ. ಮಾಣಿಯಂಗೊ ಕಾರು ಬಿಡ್ಲೆ ಕಲಿವಲೆ ಪೈಸೆ ಕೊಟ್ಟು ಬಿ.ಸಿ.ರೋಡಿಂಗೆ ಹೋದರೆ ಆರೂ ನೆಗೆ ಮಾಡ್ತವಿಲ್ಲೆ. ಕೂಸುಗೊ ಕೇಕಿನ ಮೇಲೆ ಹೂಗು ಬಿಡುಸುಲೆ ಕಲ್ತರೆ "ಉಶಾರಿದ್ದು" ಹೇಳ್ತವು. ಐವತ್ತೈದು ಕಳುದ ಹೆಮ್ಮಕ್ಕೊ ಒಂದು ಎಸ್ಪ್ರೆಸೊ ಸರಿಯಾಗಿ ಇಳಿಶುಲೆ ಕಲಿಯೆಕ್ಕು ಹೇಳಿರೆ ಮಾಂತ್ರ ಅದು ನೆಗೆ ಮಾಡ್ತ ಸಂಗತಿ. ಹಾಂಗಾಗಿ ಇಂದು ರಜ್ಜ ಕೋಪಲ್ಲೇ ಬರೆತ್ತಾ ಇದ್ದೆ, ಓದುವವು ಸಹಿಸಿಗೊಳ್ಳೆಕ್ಕು.

ಸಂಗತಿ ಶುರುವಾದ್ದು ಮಗನಿಂದ. ಬೆಂಗ್ಳೂರಿಲಿ ಕೆಲಸಲ್ಲಿಪ್ಪ ಅವ° ಕಳುದ ವರ್ಷ ವಿಷುವಿಂಗೆ ಬಪ್ಪಗ ಒಂದು ಎಸ್ಪ್ರೆಸೊ ಮಿಶನು, ಒಟ್ಟಿಂಗೆ ಬೀಜ ಹೊಡಿ ಮಾಡ್ಲೆ ಕೈಲಿ ತಿರುಗುಸುವ ಗ್ರೈಂಡರು ತಂದ°. "ಅಮ್ಮ, ನಿನಗೆ ಕಾಪಿ ಹೇಳಿರೆ ಜೀವ ಅಲ್ಲದೋ" ಹೇಳಿದ°. ಅಪ್ಪು, ಜೀವವೇ. ಎರಡು ದಿನ ಅವನೇ ಮಾಡಿ ಕೊಟ್ಟ°. ಮೂರನೇ ದಿನ ಬಸ್ಸು ಹತ್ತಿ ಹೋದ°. ಮತ್ತೆ ಒಳುದ್ದು ಆನು, ಮಿಶನು, ಇಂಗ್ಲಿಷಿಲಿಯೂ ಚೀನಾ ಭಾಷೆಲಿಯೂ ಅಚ್ಚು ಹಾಕಿದ ಒಂದು ತೆಳು ಪುಸ್ತಕ. ಎನ್ನ ಇಂಗ್ಲಿಷು ಪಿ.ಯು.ಸಿ.ವರೆಗಾಣದ್ದು. ಓದುಲೆ ಎಡಿಗು, ಆದರೆ ಆ ಪುಸ್ತಕಲ್ಲಿ ಇಪ್ಪದು ಯೇವ ಬಟನು ಒತ್ತೆಕ್ಕು ಹೇಳಿ ಮಾಂತ್ರ.

ನಮ್ಮ ಊರಿಲಿ ಎಸ್ಪ್ರೆಸೊ ಹೇಳಿರೆ ಮದುವೆ ಹಾಲಿನ ಮೂಲೆಲಿ 'ಶ್ಶ್ಶ್' ಹೇಳಿ ಹಬೆ ಬಿಟ್ಟೊಂಡು, ನೊರೆ ಬಂದ ಹಾಲಿನ ಮೇಲೆ ಹೊಡಿ ಉದುರುಸಿ ಕೊಡ್ತ ಕಾಪಿ. ಮಕ್ಕೊ ಎರಡೆರಡು ಸರ್ತಿ ಸಾಲಿಲಿ ನಿಂದು ಕುಡಿಗು. ಅದಕ್ಕೂ ಇದಕ್ಕೂ ಹೆಸರು ಮಾಂತ್ರ ಒಂದೇ. ನಿಜವಾದ ಎಸ್ಪ್ರೆಸೊ ಹೇಳಿರೆ ಸಣ್ಣಕೆ ಹೊಡಿ ಮಾಡಿದ ಬೀಜವ, ಹಿಡಿ ಇಪ್ಪ ಒಟ್ಟೆ ಒಟ್ಟೆಯ ಬಟ್ಲಿಂಗೆ ತುಂಬುಸಿ, ಟ್ಯಾಂಪರಿಲಿ ಒತ್ತಿ ಗಟ್ಟಿ ಮಾಡಿ, ಅದರ ನಡುಕೆ ಸುಮಾರು 9 ಬಾರ್ ಒತ್ತಡಲ್ಲಿ ಬೆಶಿನೀರು ದಾಂಟುಸುದು. 18 ಗ್ರಾಂ ಹೊಡಿ ಹಾಕಿರೆ 36 ಗ್ರಾಮಿನ ಆಸುಪಾಸು ಕಾಪಿ ಇಳಿಯೆಕ್ಕು, ಅದೂ 25ರಿಂದ 30 ಸೆಕೆಂಡಿನ ಒಳ. ಬೇಗ ಸುರುದರೆ ಹುಳಿ, ತಡವಾಗಿ ತೊಟ್ಟಿಕ್ಕಿರೆ ಕೈಕ್ಕೆ. ಇಟೆಲಿಯ ಟುರಿನಿಲಿ ಮೊರಿಯೊಂಡೊ ಹೇಳ್ತವ° 1884ರಲ್ಲಿ ಹಬೆಯ ಕಾಪಿ ಮಿಶನಿಂಗೆ ಪೇಟೆಂಟು ಮಾಡಿತ್ತಿದ್ದ°. ಈಗ ನಾವು ಕಾಂಬ ಚಿನ್ನದ ಬಣ್ಣದ ದಪ್ಪ ನೊರೆ ಬಂದದು ಮಿಲಾನಿನ ಗಾಜಿಯ ಹೇಳ್ತವನ ಹಿಡಿ ಎಳವ ಮಿಶನು ಬಂದ ಮತ್ತೆ, 1948ರ ಹೊತ್ತಿಂಗೆ. ಇದೆಲ್ಲ ಎನಗೆ ಈಗ ಬಾಯಿಪಾಠ. ಆದರೆ ಬಾಯಿಪಾಠಂದ ಕಾಪಿ ಇಳಿತ್ತಿಲ್ಲೆ.

ಶುರುವಿಂಗೆ ಆನು ಪೇಟೆಂದ ತಂದ ಫಿಲ್ಟರು ಹೊಡಿಯನ್ನೇ ತುಂಬುಸಿದೆ, ಚಿಕೋರಿ ಹಾಕಿದ್ದು. ನೀರು ಬಿದ್ದಪ್ಪಗ ಅದು ಅಂಟಿನ ಹಾಂಗೆ ಆತು, ಮಿಶನು ಗುರ್ರ್ ಹೇಳಿತ್ತು, ನಾಕು ಹನಿ ಬಿದ್ದತ್ತು. ಮತ್ತೆ ಚಿಕೋರಿ ಇಲ್ಲದ್ದ ಬೀಜ ತರುಸಿದೆ. ಒಂದರಿ ಹತ್ತು ಸೆಕೆಂಡಿಲಿ ಜರ್ರನೆ ಸುರುದತ್ತು, ಇನ್ನೊಂದರಿ ಒಂದು ಬದಿಂದ ಮಾಂತ್ರ ಪಿಚಕಾರಿ ಹಾಂಗೆ ಹಾರಿತ್ತು. ಅರ್ಧ ಕಿಲ ಬೀಜ ಹಟ್ಟಿ ಹಿಂದಾಣ ಗೊಬ್ಬರದ ಗುಂಡಿಗೆ ಹೋತು. ಎಂಗಳ ಮನೆಯವು ಎಂತದೂ ಹೇಳಿದ್ದವಿಲ್ಲೆ. ಬೀಜದ ಪೆಕೆಟಿನ ತಿರುಗುಸಿ ಕ್ರಯ ಓದಿದವು, ಅಷ್ಟೆ. ಹೇಳಿದ್ದರೇ ಒಳ್ಳೆದಿತ್ತು.

ವೀಡಿಯೊ ನೋಡಿದ್ದಿಲ್ಲೆ ಹೇಳಿ ಗ್ರೇಶೆಡಿ. ಇರುಳು ಒಳಾಣ ಕೆಲಸ ಮುಗುಶಿಕ್ಕಿ ಮೊಬೈಲು ಹಿಡ್ಕೊಂಡು ಕೂದ್ದಕ್ಕೆ ಲೆಕ್ಕ ಇಲ್ಲೆ. ಹಿಂದಿ, ಇಂಗ್ಲಿಷು, ಮಲೆಯಾಳ, ಎಲ್ಲದರಲ್ಲಿಯೂ ನೋಡಿದ್ದೆ. ಅದರಲ್ಲಿಪ್ಪ ಮಾಣಿಯ ಕೈ ಎನಗೆ ಕಾಣ್ತು, ಎನ್ನ ಕೈ ಅವಂಗೆ ಕಾಣ್ತಿಲ್ಲೆ. ತಪ್ಪಿದ್ದೆಲ್ಲಿ ಹೇಳಿ ಹೇಳ್ಲೆ ಆರಿದ್ದವು?

ಫಿಲ್ಟರು ಕಾಪಿ ಆನು ಕಲ್ತದು ಹೀಂಗಲ್ಲ. ಮದುವೆ ಆಗಿ ಬಂದ ಹೊಸತ್ತರಲ್ಲಿ ಅತ್ತೆ ಎನ್ನ ಹತ್ತರೆ ನಿಂದು ಕಲಿಶಿದವು. "ಹೊಡಿಯ ಅಮರ್ಸಿ ಒತ್ತೆಡ ಕೂಸೇ, ಮಟ್ಟ ಮಾಡಿರೆ ಸಾಕು." "ಕೊದಿತ್ತಾ ಇಪ್ಪ ನೀರು ಎರೆಯೆಡ, ಒಂದು ಗಳಿಗೆ ನಿಲ್ಲಲಿ." ಎನ್ನ ಕೈಂದ ಪಾತ್ರ ತೆಗದ್ದವಿಲ್ಲೆ, ಆನು ತಪ್ಪಿರೂ ತೆಗದ್ದವಿಲ್ಲೆ. ಆನು ಹಾಳು ಮಾಡಿದ ಡಿಕಾಕ್ಷನಿನ ಮಜ್ಜಾನ ಮೇಲೆ ಬೆಲ್ಲ ಹಾಕಿ ಅವೇ ಕುಡುದವು. ಹಪ್ಪಳ ಒತ್ತುದಾಗಲಿ, ಉಪ್ಪಿನಕಾಯಿ ಹಾಕುದಾಗಲಿ, ನಮ್ಮ ಮನೆಗಳಲ್ಲಿ ವಿದ್ಯೆ ಬಂದದು ಹೀಂಗೆ, ಒಬ್ಬರ ಕೈಂದ ಇನ್ನೊಬ್ಬರ ಕೈಗೆ. ಈ ಮಿಶನಿನೊಟ್ಟಿಂಗೆ ಒಬ್ಬ ಅತ್ತೆ ಬೈಂದವಿಲ್ಲೆ. ಎನ್ನ ತಕರಾರು ಅದುವೇ.

ಕಲಿವಲೆ ಜಾಗೆ ಹುಡ್ಕಲೆ ಹೆರಟೆ. ಮಗನತ್ರೆ ನಂಬರು ತೆಕ್ಕೊಂಡು ಫೋನು ಮಾಡಿದೆ. ಎಲ್ಲ ಕಡೆಲಿಯೂ ಸುರೂವಾಣ ಪ್ರಶ್ನೆ ಒಂದೇ.

"ಕೆಫೆ ಓಪನ್ ಮಾಡ್ತಿದ್ದೀರಾ ಮೇಡಂ?"

ಇಲ್ಲೆ.

"ಹಾಗಾದ್ರೆ ಜಾಬಿಗಾ?"

ಅಲ್ಲ, ಮನೆಗೆ ಹೇಳಿದೆ. ಅಷ್ಟಪ್ಪಗ ಆಚ ಹೊಡೆಲಿ ರಜ್ಜ ಹೊತ್ತು ಮಾತಿಲ್ಲೆ. ಒಂದು ಕಡೆಂದ ಬಂದ ಫಾರ್ಮಿಲಿ 'ತರಬೇತಿಯ ಉದ್ದೇಶ' ಹೇಳ್ತಲ್ಲಿ ಎರಡೇ ಚೌಕ ಇತ್ತು: ಉದ್ಯೋಗ, ಉದ್ಯಮ. ಎನ್ನ ಹಾಂಗಿಪ್ಪವು ಗೆರೆ ಹಾಕುಲೆ ಚೌಕವೇ ಇಲ್ಲೆ. ಎನ್ನ ನಾಲಗೆಗೆ, ಎನ್ನ ಮನೆಗೆ ಬಪ್ಪವಕ್ಕೆ ಆಸರಿಂಗೆ ಒಂದು ಒಳ್ಳೆ ಕಾಪಿ ಕೊಡ್ಲೆ ಕಲಿಯೆಕ್ಕು ಹೇಳುದು ಉದ್ದೇಶ ಅಲ್ಲದೋ? ಪೈಸೆ ಬಪ್ಪ ಕಲಿಕೆಯೇ ಕಲಿಕೆ ಹೇಳಿ ಮಾಡಿದ್ದು ಆರು?

ಅಕೇರಿಗೆ ಬೆಂಗ್ಳೂರಿಲಿ ಒಂದು ದಿನದ ಕ್ಲಾಸಿಂಗೆ ಸೇರಿದೆ. ಹೆಸರು ಬೇಡ. ಏಳು ಸಾವಿರ ರುಪಾಯಿ. ಬಿ.ಸಿ.ರೋಡಿಂದ ಇರುಳಾಣ ಬಸ್ಸು ಹತ್ತಿ ಶಿರಾಡಿಲಿ ಕುಲುಕಿಂಡು ಹೋದ್ದು. ಅಲ್ಲಿ ನೋಡಿರೆ ಹದಿನಾಲ್ಕು ಜೆನ, ಮಿಶನು ಒಂದು. ಉಂಬಲ್ಲಿವರೆಗೆ ಗೋಡೆ ಮೇಲೆ ಚಿತ್ರ ತೋರುಸಿದವು. ಬಾಬಾ ಬುಡನ್ ಏಳು ಬೀಜ ತಂದ ಕತೆಯ, ಘಟ್ಟದ ಬುಡಂದ ಬಂದ ಎನಗೆ ಇಂಗ್ಲಿಷಿಲಿ ಹೇಳಿದವು. ಉಂಡಿಕ್ಕಿ ಮಾಸ್ಟ್ರು ಮಾಡಿ ತೋರುಸಿದ°, ಎಲ್ಲೋರೂ ಫೋಟೊ ತೆಗದವು. ಮತ್ತೆ ಸಾಲು. ಎನ್ನ ಸರದಿ ಬಪ್ಪಗ ನಾಲ್ಕೂವರೆ ಗಂಟೆ. ಎರಡು ಸರ್ತಿ ಹಿಡಿ ಎನ್ನ ಕೈಗೆ ಸಿಕ್ಕಿತ್ತು. ಸುರೂವಾಣದ್ದು ಹುಳಿ. ಎರಡನೇದರ ಒತ್ತುಲೆ ಹೆರಟಪ್ಪಗ ಆ ಮಾಣಿ "ಬಿಡಿ ಆಂಟಿ, ನಾನ್ ಮಾಡ್ತೀನಿ" ಹೇಳಿ ಎನ್ನ ಕೈಂದ ತೆಗದು ತಾನೇ ಒತ್ತಿದ°. ಕಾಪಿ ಲಾಯಿಕಾತು. ಆದರೆ ಅದು ಅವನ ಕಾಪಿ. ಹೊತ್ತೋಪಗ ಚೆಂದದ ಕಾಗದಲ್ಲಿ ಸರ್ಟಿಫಿಕೇಟು ಕೊಟ್ಟವು. ಬಪ್ಪಗ ಬಸ್ಸಿಲಿ ಲೆಕ್ಕ ಹಾಕಿದೆ: ಒಂದು ಸರ್ತಿ ಹಿಡಿ ಮುಟ್ಟಿದ್ದಕ್ಕೆ ಮೂರೂವರೆ ಸಾವಿರ.

ಇದು ಹೊಸ ರೋಗ ಅಲ್ಲ. ನಮ್ಮ ಮಹಿಳಾ ಮಂಡಲಂಗಳಲ್ಲಿ ಅಡಿಗೆ ತರಗತಿ ಹೇಳಿ ಅಪ್ಪದೂ ಹೀಂಗೇ. ಮುಂದೆ ಒಬ್ಬ ಮಾಡುದು, ನಾವು ಕುರ್ಶಿಲಿ ಕೂದು ನೋಡುದು, ಅಕೇರಿಗೆ ಒಂದು ಚಮಚ ರುಚಿ ನೋಡಿ ಚಪ್ಪಾಳೆ ತಟ್ಟುದು. ಮನೆಗೆ ಬಂದು ಮಾಡಿರೆ ಬತ್ತಿಲ್ಲೆ. ಬಾರದ್ದಪ್ಪಗ ನಾವು ನಮ್ಮನ್ನೇ ಬೈಕ್ಕೊಂಬದು, "ಎನಗೆ ಕೈಗುಣ ಇಲ್ಲೆ" ಹೇಳಿ. ಕೈಗೆ ಕೊಟ್ಟೇ ಇಲ್ಲೆ, ಮತ್ತೆ ಗುಣ ಎಲ್ಲಿಂದ ಬಕ್ಕು?

ಕಲಿಶುವವು ಇಲ್ಲವೇ ಇಲ್ಲೆ ಹೇಳಿರೆ ಲೊಟ್ಟೆ ಅಕ್ಕು. ಬೆಂಗ್ಳೂರಿಲಿ ಕಾಫಿ ಬೋರ್ಡು 'ಕಾಪಿ ಶಾಸ್ತ್ರ' ಹೇಳ್ತ ತರಬೇತಿ ಮಾಡುತ್ತು, ಬೀಜ ಹೊರಿವದು, ಕಾಪಿ ಇಳಿಶುದು ಎಲ್ಲ. ಸ್ಪೆಶಾಲಿಟಿ ಕಾಫಿ ಅಸೋಸಿಯೇಶನ್ ಹೇಳ್ತ ಅಂತರರಾಷ್ಟ್ರೀಯ ಸಂಸ್ಥೆಯ ಪಾಠಕ್ರಮಲ್ಲಿ ಬರಿಸ್ತ ಕೆಲಸಕ್ಕೇ ಒಂದು ವಿಭಾಗ ಇದ್ದು, ಫೌಂಡೇಶನಿಂದ ಶುರುವಾಗಿ ಮೂರು ಮೆಟ್ಲು. ಕೆಫೆ ಮಡುಗುವವಕ್ಕೆ, ಬೀಜದ ವ್ಯಾಪಾರ ಮಾಡುವವಕ್ಕೆ ಇದೆಲ್ಲ ಬೇಕಾದ್ದೇ. ಎನಗೆ ಅದರ ಮೇಲೆ ಕೋಪ ಇಲ್ಲೆ. ಆದರೆ ಹಟ್ಟಿಲಿ ದನ ಕಟ್ಟಿಕ್ಕಿ, ಮನೆಲಿ ಪ್ರಾಯ ಆದವರ ಬಿಟ್ಟಿಕ್ಕಿ, ಬೆಂಗ್ಳೂರಿಲಿ ನಾಕೈದು ದಿನ ಕೂಪಲೆ ಯೇವ ಹೆಮ್ಮಕ್ಕೊಗೆ ಎಡಿಗು? ಮಂಗ್ಳೂರಿಲಿ ಬೇಡದೋ ಒಂದು? ಮೂಡಬಿದ್ರೆಲಿ ಬೇಡದೋ?

ನಾವು ಇಪ್ಪದು ಎಲ್ಲಿ ಹೇಳಿ ಒಂದರಿ ನೋಡಿ. ಸಿದ್ಧಕಟ್ಟೆಂದ ಹೆರಟು ಚಾರ್ಮಾಡಿ ಹತ್ತಿರೆ ಕೊಟ್ಟಿಗೆಹಾರ, ಅಲ್ಲಿಂದ ಮತ್ತೆ ಕಾಪಿ ತೋಟವೇ. ದೇಶಲ್ಲಿ ಬೆಳವ ಕಾಪಿಲಿ ನೂರಕ್ಕೆ 70ರ ಹತ್ತರೆ ನಮ್ಮ ಕರ್ನಾಟಕದ್ದು. ಬಾಳೆಹೊನ್ನೂರಿನ ಕಾಪಿ ಸಂಶೋಧನಾ ಕೇಂದ್ರ ಶುರುವಾದ್ದು 1925ರಲ್ಲಿ, ನೂರು ವರ್ಷ ಆತು. ಇತ್ಲಾಗಿ ಕೆಳ ಬಂದರೆ ಮಂಗ್ಳೂರು. ಅಲ್ಯಾಣ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರಗಿ ಮಡುಗುತ್ತವು. ಅದು ಚಂಡಿ ಗಾಳಿ ಕುಡುದು ಉಬ್ಬಿ, ಹಸುರು ಹೋಗಿ ಹುಲ್ಲಿನ ಬಣ್ಣಕ್ಕೆ ಬತ್ತು, ಹುಳಿ ಕಮ್ಮಿ ಆವುತ್ತು. 'ಮಾನ್ಸೂನ್ಡ್ ಮಲಬಾರ್' ಹೇಳಿ ಹೆರಾಣ ದೇಶಂಗಳಲ್ಲಿ ಅದಕ್ಕೆ ಹೆಸರಿದ್ದು, ಎಸ್ಪ್ರೆಸೊಕ್ಕೇ ಹುಡ್ಕಿ ತೆಕ್ಕೊಳ್ತವು. ನಾವು ಆಟಿಲಿ ಅಡಕ್ಕೆಗೆ ಬೂಸರು ಬತ್ತು ಹೇಳಿ ತಲೆಬೆಶಿ ಮಾಡ್ತ ಅದೇ ಗಾಳಿ, ಅಲ್ಲಿ ಪೈಸೆ ಮಾಡ್ತು. ಪಣಂಬೂರಿನ ಬಂದರಿಂದ ಕಾಪಿ ಹಡಗು ಹತ್ತುತ್ತು. ಭಾರತದ ಕಾಪಿಗೆ ದೊಡ್ಡ ಗಿರಾಕಿ ಇಟೆಲಿ. ಅಲ್ಯಾಣ ಎಸ್ಪ್ರೆಸೊಕ್ಕೆ ನೊರೆ ದಪ್ಪ ಬಪ್ಪಲೆ ನಮ್ಮ ಘಟ್ಟದ ರೊಬಸ್ಟ ಸೇರ್ಸುತ್ತವು. ಮೇಲೆ ಬೆಳೆತ್ತವು, ಕೆಳ ಹಡಗಿಂಗೆ ತುಂಬುಸುತ್ತವು, ನಡುಕೆ ಇಪ್ಪ ಎಂಗೊಗೆ ಹೇಳಿಕೊಡ್ಲೆ ಒಬ್ಬ ಇಲ್ಲೆ.

ಕೈಲಿ ಮಾಡ್ಸಿ ಕಲಿಶುದು ನಮ್ಮ ಊರಿಂಗೆ ಗೊಂತಿಲ್ಲದ್ದ ಸಂಗತಿಯೂ ಅಲ್ಲ. ಉಜಿರೆಲಿ ರುಡ್‌ಸೆಟ್ ಸಂಸ್ಥೆ ಶುರುವಾದ್ದು 1982ರಲ್ಲಿ. ಕೆಲಸ ಇಲ್ಲದ್ದ ಜವ್ವನಿಗರಿಂಗೆ ಸ್ವಂತ ಉದ್ಯೋಗಕ್ಕೆ ತರಬೇತಿ ಕೊ‌ಡುತ್ತು. ಹೊಲಿಗೆ ಕಲಿವಲೆ ಹೋದವಕ್ಕೆ ಹೊಲಿಗೆ ಮಿಶನಿನ ಎದುರು ಕೂಬದೇ ಪಾಠ. ಬಟ್ಟೆ ಹಾಳಾಗದ್ದೆ ದರ್ಜಿ ಆದವು ಆರಿದ್ದವು? ಹಾಂಗೇ ಬೀಜ ಹಾಳಾಗದ್ದೆ ಕಾಪಿಯೂ ಬಾರ. ಹಾಳು ಮಾಡ್ಲೆ ಬೀಜ ಕೊಡದ್ದ ಕ್ಲಾಸು ಕ್ಲಾಸೇ ಅಲ್ಲ.

ಹಾಂಗಾರೆ ಆನು ಕಲ್ತದು ಹೇಂಗೆ? ಅತ್ತಿಗೆಯ ಮಗ°, ಎನ್ನ ಅಳಿಯ°, ಎರಡು ವರ್ಷ ಮಂಗ್ಳೂರಿನ ಒಂದು ಕೆಫೆಲಿ ಕೆಲಸ ಮಾಡಿತ್ತಿದ್ದ°. ಕಳುದ ಆಟಿಲಿ ಎಂಗಳ ಮನೆಗೆ ಬಂದ°. ಜೋರು ಮಳೆ, ಕರೆಂಟು ಮಾಂತ್ರ ಪುಣ್ಯಕ್ಕೆ ಇತ್ತು. "ಅತ್ತೆ, ನಿಂಗೊ ಮಾಡಿ, ಆನು ನೋಡ್ತೆ" ಹೇಳಿ ಕೈಕಟ್ಟಿ ಕೂದ°. ಸುರೂವಾಣದ್ದು ಹುಳಿ. ಎರಡನೇದಕ್ಕೆ ಆನು ಒತ್ತುವಗ ಎದ್ದು ಬದಿಂಗೆ ಬಂದು ಎನ್ನ ಮೊಣಕೈಯ ನೋಡಿದ°. ಮಿಶನಿನ ಅಲ್ಲ, ಹೊಡಿಯ ಅಲ್ಲ, ಮೊಣಕೈಯ. "ಅತ್ತೆ, ನಿಂಗೊಗೆ ಈ ಕಟ್ಟೆ ಎತ್ತರ ಆತು. ಕೈ ಮೇಲೆ ಎತ್ತಿ ಒತ್ತುತ್ತಿ, ಟ್ಯಾಂಪರು ಓರೆ ಆವುತ್ತು. ತಗ್ಗಿಪ್ಪ ಹೊಡೆಂದ ನೀರು ನುಗ್ಗುತ್ತು" ಹೇಳಿದ°. ದೇವರೊಳಂದ ಒಂದು ಮಣೆ ತಂದು ಎನ್ನ ಕಾಲಡಿಂಗೆ ಮಡಗಿದ°. ದೇವರ ಮಣೆಯ ಮೆಟ್ಟುದೋ ಹೇಳಿ ಬೈದು, ಉಂಬ ಮಣೆ ತರುಸಿದೆ. ಅದರ ಮೇಲೆ ನಿಂದು ಒತ್ತಿದೆ. ಪಿಚಕಾರಿ ನಿಂದತ್ತು.

ಮೂರು ತಿಂಗಳು ನೋಡಿದ ವೀಡಿಯೊಲಿ ಈ ಮಣೆ ಇತ್ತಿಲ್ಲೆ. ಏಳು ಸಾವಿರದ ಕ್ಲಾಸಿಲಿಯೂ ಇತ್ತಿಲ್ಲೆ. ಅಲ್ಯಾಣ ಕಟ್ಟೆ ಎನಗೆ ತಕ್ಕ ಇದ್ದತ್ತು, ಎನ್ನ ಅಡಿಗೆ ಮನೆಯ ಕಟ್ಟೆ ಎಂಗಳ ಮನೆಯವರ ಎತ್ತರಕ್ಕೆ ಕಟ್ಟುಸಿದ್ದು. ಅವು ಅಲ್ಲಿ ನಿಂದು ಅಡಿಗೆ ಮಾಡಿದ್ದರ ಆನು ಇಷ್ಟರವರೆಗೆ ಕಂಡಿದಿಲ್ಲೆ, ಅದು ಬೇರೆ ಸಂಗತಿ.

ಆ ದಿನ ಹದಿನಾಲ್ಕು ಕಪ್ಪು ಇಳಿಶಿದೆ. ಕಾಲು ಕಿಲ ಬೀಜ. ಅಳಿಯ ಮಾಡಿದ ಒಂದೇ ಕೆಲಸ ಗ್ರೈಂಡರು ತಿರುಗುಸಿದ್ದು, ಎನ್ನ ಭುಜ ಸೋತತ್ತು ಹೇಳಿ. 18 ಗ್ರಾಮಿನ ಮುಟ್ಟೆಡಿ, 36 ಗ್ರಾಮಿನ ಮುಟ್ಟೆಡಿ, ಹೊಡಿಯ ಸಣ್ಣ ದೊಡ್ಡ ಮಾಂತ್ರ ಬದಲುಸಿ ಹೇಳಿದ°. ಎರಡು ಬೆರಳಿನ ನಡುಕೆ ಹೊಡಿ ತಿಕ್ಕುಸಿ ತೋರುಸಿದ°: ಮೈದದ ಹಾಂಗೆ ಜಾರುಲಾಗ, ರವೆಯ ಹಾಂಗೆ ಒರಟು ಇಪ್ಪಲಾಗ. ಮೂರನೇದು 12 ಸೆಕೆಂಡು, ಐದನೇದು 40, ಎಂಟನೇದು 27. ಆ ಎಂಟನೇದರ ಬಾಯಿಗೆ ಹಾಕಿಯಪ್ಪಗ ಹುಳಿಯೂ ಇಲ್ಲೆ, ಕೈಕ್ಕೆಯೂ ಮಿತಿಲಿ, ಅಕೇರಿಗೆ ನಾಲಗೆಲಿ ಓಲೆಬೆಲ್ಲದ ಹಾಂಗಿಪ್ಪ ಒಂದು ಚೀಪೆ. ಎಂಗಳ ಮನೆಯವಕ್ಕೆ ಕೊಟ್ಟೆ. ಅವು ಪೆಕೆಟಿನ ಕ್ರಯ ನೋಡಿದ್ದವಿಲ್ಲೆ, ಇನ್ನೊಂದು ಕೇಳಿದವು. ಹಾಲಿಂಗೆ ಹಬೆ ಕೊಡುವಗಳೂ ಹಾಂಗೇ, ಹಬೆಯ ಕೊಳವೆ ಹಾಲಿನ ಮೇಲೆ ರಜ್ಜವೇ ಮುಳುಗೆಕ್ಕು, ಪಾತ್ರದ ಅಡಿಯ ಹಿಡುದ ಕೈಗೆ ತಡವಲೆ ಎಡಿಯದ್ದಷ್ಟು ಬೆಶಿ ಆದಪ್ಪಗ ನಿಲ್ಲುಸೆಕ್ಕು. ಇದು ಕೈಗೆ ಗೊಂತಪ್ಪ ಸಂಗತಿ, ಕಣ್ಣಿಂಗೆ ಅಲ್ಲ.

ಆಟಿಲಿ ಸರಿಯಾದ ಹೊಡಿ ನವರಾತ್ರಿಗಪ್ಪಗ ಪುನಾ ತಪ್ಪಿತ್ತು, ಗಾಳಿ ಒಣಗಿತ್ತಲ್ಲದಾ. ಆದರೆ ಈಗ ಎನಗೆ ಎಂತ ಬದಲುಸೆಕ್ಕು ಹೇಳಿ ಗೊಂತಿದ್ದು.

ಆನು ಇದರ ಹೇಳಿರೆ ಕಲಿಶುವವು ಎರಡು ಮಾತು ಹೇಳ್ತವು. ಒಂದು, ಮನೆಯ ಮಿಶನು ಒಬ್ಬೊಬ್ಬರದ್ದು ಒಂದೊಂದು ನಮುನೆ, ಹೇಂಗೆ ಕಲಿಶುದು? ಅದು ಅಪ್ಪು. ಅದಕ್ಕೇ ನಿಂಗಳ ಮಿಶನಿನ ಎದುರು ಎನ್ನ ನಿಲ್ಲುಸೆಡಿ, ಎನ್ನ ಮಿಶನಿನ ಹೊತ್ತು ತಪ್ಪಲೆ ಹೇಳಿ. ಇಲ್ಲದ್ದರೆ ನಿಂಗಳೇ ಮನೆಗೆ ಬನ್ನಿ, ಬಸ್ಸಿನ ಪೈಸೆ, ಊಟ ಎರಡೂ ಕೊಡುವೆ. ಇನ್ನೊಂದು, ಮನೆಯವು ಎಷ್ಟು ಜೆನ ಬಕ್ಕು, ಗಿಟ್ಟುತ್ತಿಲ್ಲೆ ಹೇಳಿ. ಈ ಮಾತಿನ ಆನು ಸುಲಾಭಲ್ಲಿ ತಳ್ಳಿ ಹಾಕುತ್ತಿಲ್ಲೆ. ಒಬ್ಬ ಮಾಸ್ಟ್ರು ಇಡೀ ದಿನ ನಾಕೇ ಜೆನಕ್ಕೆ ಕಲಿಶಿರೆ ಬಾಡಿಗೆ, ಬೀಜ, ಸಂಬಳ ಎಲ್ಲ ಏಳು ಸಾವಿರಲ್ಲಿ ಆಗದ್ದೆ ಇಕ್ಕು. ಹಾಂಗಾರೆ ಹೆಚ್ಚು ತೆಕ್ಕೊಳ್ಳಿ, ಅಥವಾ ಅರ್ಧ ದಿನ ಮಾಡಿ. ಆದರೆ ಹದಿನಾಲ್ಕು ಜೆನರ ಕೂರುಸಿ ಅದಕ್ಕೆ 'ಹ್ಯಾಂಡ್ಸ್ ಆನ್' ಹೇಳಿ ಬೋರ್ಡು ಹಾಕೆಡಿ. ಅದು ಲೊಟ್ಟೆ. ಮಿಶನು ಮಾರುವವಕ್ಕೂ ಇದೇ ಮಾತು. ಬಾವಿ ಪಂಪು ತೆಕ್ಕೊಂಡರೆ ಜೆನ ಬಂದು ಕೂರುಸಿ, ನೀರು ಬರುಸಿ ತೋರುಸಿಕ್ಕಿ ಹೋವುತ್ತವು. ಇಷ್ಟು ಸಾವಿರದ ಮಿಶನಿಂಗೆ ಒಂದು ತೆಳು ಪುಸ್ತಕವೋ?

ಓದುವ ಅಕ್ಕಂದಿರೂ ಹೀಂಗಿಪ್ಪ ಕ್ಲಾಸಿಂಗೆ ಪೈಸೆ ಕಟ್ಟುವ ಮದಲು ಒಂದೇ ಪ್ರಶ್ನೆ ಕೇಳಿ: "ಎನ್ನ ಕೈಲಿ ಎಷ್ಟು ಸರ್ತಿ ಮಾಡ್ಸುತ್ತಿ?" ಹತ್ತಕ್ಕಿಂತ ಕಮ್ಮಿ ಹೇಳಿರೆ ಫೋನು ಮಡುಗಿ. ಆ ಪೈಸೆಗೆ ಬೀಜ ತೆಕ್ಕೊಂಡು ಗೊಬ್ಬರದ ಗುಂಡಿಗೆ ಹಾಕಿರೆ ತೆಂಗಿನ ಬುಡಕ್ಕಾದರೂ ಆವುತ್ತು.

ಅಳಿಯಂಗೆ ಈಗ ಬೇರೆ ಕೆಲಸ, ಆದರೂ ಬಪ್ಪ ತಿಂಗಳ ಎರಡನೇ ಆಯಿತ್ಯವಾರ ಬತ್ತೆ ಹೇಳಿದ್ದ°. ವೇಣೂರಿಂದ ಒಬ್ಬ ಅಕ್ಕ, ಪುಂಜಾಲಕಟ್ಟೆಂದ ಎನ್ನ ಚಿಕ್ಕಮ್ಮನ ಸೊಸೆ ಅವರವರ ಮಿಶನು ಹಿಡ್ಕೊಂಡು ಬತ್ತವು. ಇನ್ನೊಬ್ಬರಿಂಗೆ ಜಾಗೆ ಇದ್ದು, ಅದಕ್ಕಿಂತ ಹೆಚ್ಚು ಜೆನ ಬೇಡ. ಬಪ್ಪವು ಚಿಕೋರಿ ಇಲ್ಲದ್ದ ಬೀಜ ಕಾಲು ಕಿಲ ತನ್ನಿ. ಹಾಲು ಎಂಗಳ ಹಟ್ಟಿದೇ ಇದ್ದು, ಮಣೆಯೂ ಇದ್ದು.